ದಡದಕ್ಕ

ರಿಗ್ಗಿನ ಮೇಲೆ ದುಡಿಯುವವರಲ್ಲಿ ಅವಳ ಮುಖ ಕಂಡವರು ಕಡಿಮೆ. ಅವಳ ದನಿ ಕೇಳದವರು ಮಾತ್ರ ಒಬ್ಬರೂ ಇರಲಿಲ್ಲ. ಕಡಲೊಳಗೆ ಉಕ್ಕಿನ ಕಾಲೂರಿ ನಿಂತು ತಳದಿಂದ ಎಣ್ಣೆ ಎತ್ತುವ ಆ ರಿಗ್ಗಿಗೂ ಬಂದರಿನ ಹಿಂದಿನ ಬೀದಿಯ ಕಚೇರಿಗೂ ನಡುವೆ, ಸಮುದ್ರದ ಅಡಿಯಲ್ಲಿ ಒಂದು ಕೇಬಲ್ ಹಾಸಿತ್ತು. ಬಾವಿಗಳ ಒತ್ತಡ, ಕೊಳವೆಗಳ ಬಿಸಿ, ಪಂಪುಗಳ ವೇಗ, ಗಾಳಿಯ ದಿಕ್ಕು ಎಲ್ಲವೂ ಆ ಕೇಬಲ್ ಹಿಡಿದು ಬಂದು, ಕಚೇರಿಯ ಮೇಲಂತಸ್ತಿನ ತಣ್ಣನೆಯ ಕೋಣೆಯೊಂದರಲ್ಲಿ, ಅವಳ ಮುಂದಿದ್ದ ಪರದೆಗಳ ಮೇಲೆ ಅಂಕಿಗಳಾಗಿ, ಗೆರೆಗಳಾಗಿ ಮೂಡುತ್ತಿದ್ದವು. ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಕೂಗಳತೆಯಲ್ಲಿ ಸಮುದ್ರವಿದ್ದರೂ ಅವಳಿಗೆ ಅದು ಕಾಣುತ್ತಿದ್ದುದು ರಿಗ್ಗಿನ ಕ್ಯಾಮೆರಾಗಳಲ್ಲಿ ಮಾತ್ರ.

ರಿಗ್ಗಿನಿಂದ ಯಾರಾದರೂ "ದಡ, ದಡ, ಕೇಳಿಸ್ತಿದೆಯಾ?" ಎಂದು ಕರೆದರೆ "ದಡ ಕೇಳ್ತಿದೆ, ಹೇಳಿ" ಅನ್ನಬೇಕು. ಅದು ಅಲ್ಲಿನ ಪದ್ಧತಿ. ಹಾಗೆ ಅನ್ನುತ್ತ ಅನ್ನುತ್ತ ಅವಳಿಗೆ ದಡದಕ್ಕ ಎಂದೇ ಹೆಸರು ಬಿತ್ತು. ಅವಳಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಎಡವಟ್ಟಾಗಿತ್ತು. ಕ್ರೇನಿನ ಕಡೆಯಿಂದ ಒಂದು ದನಿ, ಗಾಳಿ ಎಷ್ಟಿದೆ ಎಂದು ಕೇಳಿತು. ಎಲ್ಲರ ಕಿವಿಗೂ ಬೀಳುವ ಲೈನು ಎಂಬುದನ್ನು ಮರೆತು ಅವಳು, "ಏನ್ ಮಾಮ?" ಅಂದುಬಿಟ್ಟಳು. ಇಡೀ ರಿಗ್ಗೇ ಗೊಳ್ಳೆಂದಿತು. ಕ್ರೇನ್ ನಡೆಸುತ್ತಿದ್ದವನು ಅವಳ ತಾಯಿಯ ತಮ್ಮ. ಅಂದಿನಿಂದ ಅವನು ರಿಗ್ಗಿಗೆಲ್ಲ ಮಾಮನಾದ. ವೆಲ್ಡರನೂ ಮಾಮ ಅಂದ, ಅಡುಗೆಯವನೂ ಮಾಮ ಅಂದ, ಅವನಿಗಿಂತ ವಯಸ್ಸಾದ ಮ್ಯಾನೇಜರೂ ಬಾಯಿ ತಪ್ಪಿ ಮಾಮ ಅಂದ.

"ನನಗೆ ಹೆಣ್ಣು ಕೊಡೋಕೆ ಮಗಳೇ ಇಲ್ಲ, ಇಷ್ಟು ಜನ ಅಳಿಯಂದಿರನ್ನ ಕಟ್ಟಿಕೊಂಡು ಏನ್ ಮಾಡ್ಲಿ?" ಎಂದು ಮನೆಗೆ ಬಂದಾಗ ಅವನು ರೇಗಿದಂತೆ ಮಾಡಿದ. ಆದರೆ ಖುಷಿಪಟ್ಟಿದ್ದ.

ಮಗಳಿರಲಿಲ್ಲವೆಂಬುದು ಮಾತಿಗೆ ಮಾತ್ರ. ಅವಳು ಇನ್ನೂ ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ತಾಯಿ ತೀರಿಕೊಂಡಳು. ತಂದೆ ಬೇರೆ ಮದುವೆಯಾಗಿ ಬೇರೆ ಊರಿಗೆ ಹೋದ. ಮಾಮನೂ ಅತ್ತೆಯೂ ಅವಳನ್ನು ತಮ್ಮ ಎರಡು ಕೋಣೆಯ ಮನೆಗೆ ಕರೆತಂದರು. ಅವರಿಗೆ ಮಕ್ಕಳಾಗಲಿಲ್ಲ. ಆಗಲಿಲ್ಲವೆಂದು ಅವರು ಕೊರಗಿದ್ದನ್ನೂ ಅವಳು ಕಾಣಲಿಲ್ಲ. ಮಾಮನದು ಒಂದು ತಿಂಗಳು ಕಡಲು, ಒಂದು ತಿಂಗಳು ಮನೆ. ಕಡಲಿನ ತಿಂಗಳಲ್ಲಿ ಮನೆ ಸಪ್ಪೆ. ಅವನು ಬಂದ ದಿನ ಮಾತ್ರ ಅವಳನ್ನು ಸೊಂಟ ಹಿಡಿದು ಮೇಲೆತ್ತಿ, "ಸರಕು ಮೇಲೆ ಬಂತು, ಎಡಕ್ಕೆ ತಿರುಗಿತು, ನಿಧಾನ, ನಿಧಾನ, ಇಳೀತು" ಎನ್ನುತ್ತ ಕುರ್ಚಿಯ ಮೇಲೆ ಕೂರಿಸುತ್ತಿದ್ದ. ಯಾವುದನ್ನೇ ಆಗಲಿ ಸದ್ದಾಗದಂತೆ ಇಡುವುದು ಅವನ ಹೆಮ್ಮೆ. ಟೀ ಕಪ್ಪನ್ನು ಮೇಜಿನ ಮೇಲೆ ಇಟ್ಟರೆ ಕಣ್ಣಿಗೆ ಕಾಣಬೇಕೇ ಹೊರತು ಕಿವಿಗೆ ಗೊತ್ತಾಗುತ್ತಿರಲಿಲ್ಲ. "ಇಟ್ಟವನಿಗೂ ಕೇಳಿಸ್ಬಾರದು ಕಣೇ ಪುಟ್ಟಿ. ಅದು ಕೆಲಸ" ಎನ್ನುತ್ತಿದ್ದ.

ಅವಳು ಡಿಪ್ಲೊಮಾ ಮುಗಿಸಿ ಅದೇ ಕಂಪನಿಯ ದಡದ ಕೋಣೆಗೆ ಸೇರಿದಾಗ ರಿಗ್ಗು ಬದಲಾಗತೊಡಗಿತ್ತು. ಮೊದಲೆಲ್ಲ ಕೈಯಲ್ಲಿ ಟಾರ್ಚು ಹಿಡಿದು ಮೀಟರಿನಿಂದ ಮೀಟರಿಗೆ ಓಡಾಡುವ ಜನರೇ ಅಲ್ಲಿ ತುಂಬಿದ್ದರು. ಅವರ ಜಾಗಕ್ಕೆ ಸೆನ್ಸರುಗಳು ಬಂದವು. ಸೆನ್ಸರಿಗೆ ಹಸಿವಿಲ್ಲ, ಹಾಸಿಗೆ ಬೇಡ, ರಜೆ ಕೇಳುವುದಿಲ್ಲ. ಹಾಗಾಗಿ ಜನ ಕರಗುತ್ತ ಬಂದರು.

"ಮುಂಚೆ ಊಟಕ್ಕೆ ಕ್ಯೂ ನಿಲ್ಬೇಕಿತ್ತು. ಈಗ ಅಡುಗೆಯವನೇ ತಟ್ಟೆ ಹಿಡ್ಕೊಂಡು ನಮ್ಮನ್ನ ಹುಡುಕ್ಕೊಂಡು ಬರ್ತಾನೆ," ಎಂದು ಮಾಮ ಹೇಳುತ್ತಿದ್ದ. ಉಳಿದ ಕೆಲವರಲ್ಲಿ ಅವನೂ ಇದ್ದ, ಡೆಕ್ಕಿನ ಮೇಸ್ತ್ರಿಯೂ ಇದ್ದ. ಮಾಮ ಮೇಲೆ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತರೆ, ಮೇಸ್ತ್ರಿ ಕೆಳಗೆ ಡೆಕ್ಕಿನ ಮೇಲೆ ನಿಂತು ಕೈಸನ್ನೆ ಮಾಡುವವನು. ಇಬ್ಬರೂ ಒಂದೇ ದೋಣಿಯಲ್ಲಿ ಮೊದಲ ಸಲ ರಿಗ್ಗಿಗೆ ಹೋದವರು. ಒಂದೇ ಕೋಣೆಯಲ್ಲಿ, ಮೇಲಿನ ಮಂಚ ಕೆಳಗಿನ ಮಂಚ ಹಂಚಿಕೊಂಡು ಮುದುಕರಾದವರು. ಗಂಡ ಹೆಂಡಿರೂ ಇಷ್ಟು ವರ್ಷ ಒಬ್ಬರ ಗೊರಕೆ ಒಬ್ಬರು ಸಹಿಸಿರಲಾರರು ಎಂದು ಅತ್ತೆ ನಗೆಯಾಡುತ್ತಿದ್ದಳು.

ಕೊನೆಗೆ ಕ್ರೇನಿಗೂ ಸೆನ್ಸರು ಬಂತು. ಎತ್ತಿದ ಭಾರ ಎಷ್ಟು, ತೋಳು ಎಷ್ಟು ಬಾಗಿದೆ, ಗಾಳಿ ಹೇಗಿದೆ ಎಂಬುದರ ಜೊತೆಗೆ ನಡೆಸುವವನ ಕೈ ಲಿವರನ್ನು ಹೇಗೆ ಆಡಿಸಿತು ಎಂಬುದೂ ದಡದ ಪರದೆಯ ಮೇಲೆ ಒಂದು ಹಸಿರು ಗೆರೆಯಾಗಿ ಬೀಳುತ್ತಿತ್ತು.

"ಇನ್ನು ನಾನು ಮೂಗು ಕೆರ್ಕೊಂಡ್ರೂ ದಡಕ್ಕೆ ಗೊತ್ತಾಗತ್ತೆ ಅನ್ನು," ಎಂದ ಮಾಮ.

"ಮೂಗಿಗೆ ಗೆರೆ ಇಲ್ಲ ಮಾಮ. ಧಾರಾಳವಾಗಿ ಕೆರ್ಕೊ."

ಆ ಗೆರೆ ಅವಳಿಗೆ ಬಲು ಇಷ್ಟವಾಯಿತು. ಪ್ರತಿಯೊಬ್ಬರ ಕೈಯೂ ಒಂದೊಂದು ಬಗೆ. ಬದಲಿ ತಿಂಗಳಲ್ಲಿ ಬರುವ ಇನ್ನೊಬ್ಬ ಕ್ರೇನಿನವನದು ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುತ್ತಿತ್ತು. ಮಾಮನದು ಒಂದೇ ಉಸಿರಿನಲ್ಲಿ ಎಳೆದಂತೆ, ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ತಿಳಿಯದ ಹಾಗೆ. ಪ್ರೋಗ್ರಾಮಿನಲ್ಲಿ ಒಂದು ಸೌಲಭ್ಯವಿತ್ತು: ಸಣ್ಣಪುಟ್ಟ ಅದುರುಗಳನ್ನೆಲ್ಲ ಅದೇ ಸೋಸಿ ತೆಗೆದು ಗೆರೆಯನ್ನು ನುಣುಪಾಗಿಸಿ ತೋರಿಸುತ್ತಿತ್ತು. ಎಲ್ಲರೂ ಆ ಸೋಸಿದ ಗೆರೆಯನ್ನೇ ನೋಡುತ್ತಿದ್ದರು. ಅವಳು ಮಾತ್ರ ಆ ಸೋಸುವಿಕೆಯನ್ನು ನಿಲ್ಲಿಸಿಟ್ಟಿದ್ದಳು. ಮಾಮನ ಕೈ ಇದ್ದದ್ದು ಇದ್ದಂತೆ ಕಾಣಲಿ ಎಂಬ ಆಸೆ, ಬೇರೇನಲ್ಲ.

ಅದಕ್ಕೇ ಅವಳಿಗೆ ಕಂಡಿತು. ಬೇರೆ ಯಾರಿಗೂ ಕಾಣುತ್ತಿರಲಿಲ್ಲ.

ಮೊದಲು ಗೆರೆಯ ಅಂಚಿನಲ್ಲಿ ಸಣ್ಣ ಹಲ್ಲುಗಳು ಮೂಡಿದವು, ಗರಗಸದ ಹಲ್ಲಿನಂತೆ. ಗಾಳಿ ಇರಬೇಕು ಅಂದುಕೊಂಡಳು. ಗಾಳಿಯಿಲ್ಲದ ದಿನವೂ ಮೂಡಿದವು. ಸೆನ್ಸರು ಕೆಟ್ಟಿರಬೇಕು ಅಂದುಕೊಂಡು ರಿಗ್ಗಿನ ಮೆಕ್ಯಾನಿಕ್ಕಿಗೆ ಹೇಳಿ ಲಿವರು ಬಿಚ್ಚಿಸಿ ನೋಡಿಸಿದಳು. ಲಿವರಿಗೆ ಏನೂ ಆಗಿರಲಿಲ್ಲ. ಮರು ತಿಂಗಳು ಬದಲಿಯವನು ಬಂದಾಗ ಅದೇ ಲಿವರಿನ ಗೆರೆ ಶುದ್ಧವಾಗಿತ್ತು.

ಆ ತಿಂಗಳು ಮಾಮ ಮನೆಯಲ್ಲಿದ್ದ. ಬೆಳಿಗ್ಗೆ ಅವನು ಟೀ ಕಪ್ಪನ್ನು ಸಾಸರಿನ ಮೇಲೆ ಇಟ್ಟಾಗ ಅದು ಕಟಕಟ ಸದ್ದು ಮಾಡಿತು. ಅತ್ತೆ ಒಳಗೆ ಬಟ್ಟೆ ಮಡಚುತ್ತಿದ್ದಳು. ಮೇಜಿನ ಎದುರಿಗಿದ್ದ ಅವಳು ಮಾಮನ ಮುಖ ನೋಡಿದಳು. ಮಾಮ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡ.

"ಎಷ್ಟು ದಿನದಿಂದ?" ಎಂದಳು ಮೆಲ್ಲಗೆ.

"ಏನು ಎಷ್ಟು ದಿನದಿಂದ? ವಯಸ್ಸಾದ ಕೈ, ಸ್ವಲ್ಪ ಕುಣಿಯತ್ತೆ. ಕುಣೀಲಿ ಬಿಡು, ಇಷ್ಟು ವರ್ಷ ಅದಕ್ಕೆ ಅಲ್ಲಾಡೋಕೂ ಬಿಟ್ಟಿರ್ಲಿಲ್ಲ ನಾನು."

"ಡಾಕ್ಟರಿಗೆ ತೋರ್ಸು ಮಾಮ."

"ತೋರಿಸಿದ್ರೆ ಇಳಿಸ್ತಾರೆ. ಕ್ಯಾಬಿನ್ನಿಂದ ಇಳಿದು ಏನ್ ಮಾಡ್ಲಿ? ನಿಮ್ಮತ್ತೆ ತರಕಾರಿ ಚೀಲ ಎತ್ತಿಳಿಸ್ಲಾ?" ನಕ್ಕ. ಅವಳು ನಗದೇ ಇದ್ದುದನ್ನು ನೋಡಿ ದನಿ ತಗ್ಗಿಸಿದ. "ಇದೊಂದು ಸರದಿ ಹೋಗಿ ಬರ್ತೀನಿ. ಬಂದ ಮೇಲೆ ನಾನೇ ಹೋಗಿ ತೋರಿಸ್ತೀನಿ, ಆಯ್ತಾ? ಅಲ್ಲೀವರೆಗೂ ಬಾಯಿ ಬಿಡ್ಬೇಡ. ಮಾತು ಕೊಡು."

ಅವಳು ಮಾತು ಕೊಟ್ಟಳು. ಚಿಕ್ಕವಳಿದ್ದಾಗಿನಿಂದ ಅವನು ಕೇಳಿದ ಯಾವುದಕ್ಕೂ ಇಲ್ಲ ಅಂದವಳಲ್ಲ.

ಆ ಸರದಿಯ ನಡುವಿನಲ್ಲಿ ಮಂಜು ಕವಿಯಿತು. ಹೆಲಿಕಾಪ್ಟರು ಹಾರಲಿಲ್ಲ. ಸರದಿ ಬದಲಾಗಬೇಕಿದ್ದ ಬೇರೆ ವಿಭಾಗದ ಕೆಲಸಗಾರರನ್ನು ಹಡಗಿನಲ್ಲಿ ಕಳಿಸಿದರು. ಹಡಗಿನಿಂದ ರಿಗ್ಗಿಗೆ ಮೆಟ್ಟಿಲಿಲ್ಲ. ಹಗ್ಗ ಹೆಣೆದ ದೊಡ್ಡ ಬುಟ್ಟಿಯೊಂದನ್ನು ಕ್ರೇನು ಕೆಳಗಿಳಿಸುತ್ತದೆ. ನಾಲ್ಕು ಜನ ಅದರ ಅಂಚಿನ ಮೇಲೆ ಕಾಲಿಟ್ಟು, ಹಗ್ಗ ತಬ್ಬಿ ನಿಲ್ಲುತ್ತಾರೆ. ಕ್ರೇನು ಅವರನ್ನು ನೀರಿನ ಮೇಲಿಂದ ಎತ್ತಿ ಡೆಕ್ಕಿಗೆ ತರುತ್ತದೆ. ಆ ಹೊತ್ತಿನಲ್ಲಿ ಆ ನಾಲ್ವರ ಜೀವ ಅಕ್ಷರಶಃ ಒಬ್ಬನ ಅಂಗೈಯಲ್ಲಿರುತ್ತದೆ.

ಅವಳು ಒಂದು ಕಣ್ಣು ಕ್ಯಾಮೆರಾದ ಮೇಲೆ, ಒಂದು ಕಣ್ಣು ಹಸಿರು ಗೆರೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಬುಟ್ಟಿ ಮೇಲೆದ್ದಿತು. ಅರ್ಧ ದಾರಿಯವರೆಗೂ ಗೆರೆ ಹಳೆಯ ಗೆರೆಯೇ. ಆಮೇಲೆ ಒಮ್ಮೆಲೇ ಹಲ್ಲು ಹಲ್ಲಾಯಿತು. ಕ್ಯಾಮೆರಾದಲ್ಲಿ ಬುಟ್ಟಿ ಪಕ್ಕಕ್ಕೆ ತೂಗಿತು; ಒಬ್ಬನ ಕಾಲು ಅಂಚಿನಿಂದ ಜಾರಿ ಗಾಳಿಯಲ್ಲಿ ಒದ್ದಾಡಿತು. ಕೆಳಗಿದ್ದ ಮೇಸ್ತ್ರಿ ಓಡಿಬಂದು ಬುಟ್ಟಿಯ ಹಗ್ಗಕ್ಕೆ ಜೋತುಬಿದ್ದು ಅದನ್ನು ಡೆಕ್ಕಿಗೆ ಎಳೆದುಕೊಂಡ. ನಾಲ್ವರೂ ಇಳಿದರು. ಯಾರಿಗೂ ಏನೂ ಆಗಲಿಲ್ಲ.

"ಗಾಳಿ ಸ್ವಲ್ಪ ಜಾಸ್ತಿ ಇತ್ತು, ದಡ," ಎಂದ ಮೇಸ್ತ್ರಿ ಲೈನಿನಲ್ಲಿ, ಏದುಸಿರು ಬಿಡುತ್ತ.

ಅವಳ ಪರದೆಯ ಮೇಲೆ ಗಾಳಿಯ ಅಂಕಿ ಇತ್ತು. ಗಾಳಿ ಇರಲೇ ಇಲ್ಲ. ಮಂಜು ಕವಿದ ದಿನ ಗಾಳಿ ಎಲ್ಲಿಂದ ಬರಬೇಕು? ಮೇಸ್ತ್ರಿಗೂ ಗೊತ್ತಿದೆ, ಅವನೂ ಮುಚ್ಚಿಡುತ್ತಿದ್ದಾನೆ ಎಂದು ಅವಳಿಗೆ ಆಗ ತಿಳಿಯಿತು.

ಹಡಗಿನಲ್ಲಿ ಇನ್ನೂ ನಾಲ್ವರು ಕಾಯುತ್ತಿದ್ದರು. ಬುಟ್ಟಿ ಮತ್ತೆ ಕೆಳಗಿಳಿಯತೊಡಗಿತು.

"ಕ್ರೇನ್, ಸ್ವಲ್ಪ ಹೊತ್ತು ಬಿಟ್ಟು ಎತ್ತಬಹುದಾ?" ಎಂದಳು.

"ಬೇಡ ದಡ. ಅಲೆ ಏಳೋ ಮುಂಚೆ ಮುಗಿಸಿಬಿಡೋಣ," ಎಂದ ಮಾಮ. ಬೇರೆಯವರಿಗೆ ಕೇಳಿಸದ ಖಾಸಗಿ ಲೈನೂ ಇತ್ತು. ಅದರ ಗುಂಡಿ ಅವಳ ಬೆರಳಿನ ಪಕ್ಕದಲ್ಲೇ ಇತ್ತು. ಅದನ್ನು ಒತ್ತಿ, ಮಾಮ, ನಿನ್ನ ಕಾಲಿಗೆ ಬೀಳ್ತೀನಿ, ನಿಲ್ಲಿಸು ಅಂದಿದ್ದರೆ ಅವನು ನಿಲ್ಲಿಸುತ್ತಿದ್ದನೋ ಏನೋ. ಇಲ್ಲ ಅಂದುಬಿಟ್ಟರೆ? ಬುಟ್ಟಿಯ ಅಂಚಿನ ಮೇಲೆ ಆಗಲೇ ಒಬ್ಬ ಕಾಲಿಡುತ್ತಿದ್ದ. ಅವಳು ಎದ್ದು ಹಿಂದಿನ ಮೇಜಿನ ಅಧಿಕಾರಿಣಿಯ ಹತ್ತಿರ ಹೋಗಿ ಹೇಳಿದಳು.

ಅಧಿಕಾರಿಣಿ ಒಳ್ಳೆಯ ಹೆಂಗಸು. ಗೆರೆಯನ್ನು ಒಮ್ಮೆ ನೋಡಿ ಮರುಮಾತಾಡದೆ ಎತ್ತುವ ಕೆಲಸ ನಿಲ್ಲಿಸಿದಳು. ಹವಾಮಾನ ಸರಿಯಿಲ್ಲ ಎಂದು ರಿಗ್ಗಿಗೆ ತಿಳಿಸಿದಳು. "ಯಾರು ಹೇಳಿದ್ದು ಅಂತ ಹೊರಗೆ ಬರಲ್ಲ. ನಂದು ಜವಾಬ್ದಾರಿ," ಎಂದು ಅವಳ ಭುಜ ಒತ್ತಿದಳು. ಮಂಜು ಹರಿದ ಕೂಡಲೇ ಹೆಲಿಕಾಪ್ಟರು ಬದಲಿಯವನನ್ನು ಬಿಟ್ಟು ಮಾಮನನ್ನು ಕರೆತಂದಿತು. ಕಂಪನಿಯ ಡಾಕ್ಟರು ಕೈ ನೀಡಿಸಿ ನೋಡಿದರು, ನಡೆಸಿ ನೋಡಿದರು, ದೊಡ್ಡ ಆಸ್ಪತ್ರೆಗೆ ಕಳಿಸಿದರು. ನಡುಕದ ಕಾಯಿಲೆ ಎಂದರು. ಹಿಡಿತಕ್ಕೆ ತರಬಹುದು, ವಾಸಿಯಾಗುವುದಲ್ಲ. ಕ್ರೇನು ಹತ್ತುವ ಮಾತಂತೂ ಇಲ್ಲವೇ ಇಲ್ಲ.

ಮಾಮ ಮನೆಗೆ ಬಂದು ಕುರ್ಚಿಯಲ್ಲಿ ಕೂತ. ಹೇಗಿದ್ದವನು ಹೇಗಾದ ಎನ್ನುವುದನ್ನು ಹೇಳುವುದು ಕಷ್ಟ. ಕಾಯಿಲೆ ಮೆಲ್ಲಗೆ ಬರುತ್ತಿತ್ತು. ಅವನು ಅದಕ್ಕಿಂತ ಮೊದಲೇ ಇಳಿದುಹೋದ. ಬೀದಿಗೆ ಹೋಗಲಿಲ್ಲ. ಸಮುದ್ರದ ಕಡೆಯ ಕಿಟಕಿಯ ಪರದೆ ಎಳೆದೇ ಇಡಿಸಿದ. ಮತ್ತು ಒಂದೇ ಮಾತನ್ನು ಮತ್ತೆ ಮತ್ತೆ ಅರೆದ.

"ಮೇಸ್ತ್ರಿ ನನ್ನ ಬೆನ್ನಿಗೆ ಚೂರಿ ಹಾಕ್ದ."

ಅದಕ್ಕೆ ಅವನಲ್ಲಿ ಕಾರಣವಿತ್ತು. ಹಡಗು ಬರುವ ಕೆಲವೇ ದಿನ ಮುಂಚೆ ಊಟದ ಕೋಣೆಯಲ್ಲಿ ಅವನ ಕೈಯಿಂದ ಸೂಪು ಚೆಲ್ಲಿತ್ತು. ಆಗ ಮೇಸ್ತ್ರಿ, "ಸಾಕು ಕಣೋ, ದಡಕ್ಕೆ ಹೋಗಿ ತೋರಿಸ್ಕೊ. ನೀನು ಹೇಳದಿದ್ರೆ ನಾನೇ ಹೇಳ್ತೀನಿ" ಎಂದಿದ್ದನಂತೆ.

"ಹೇಳೇಬಿಟ್ಟ ನೋಡು," ಎಂದ ಮಾಮ ಅವಳತ್ತ ತಿರುಗಿ. "ಗೊತ್ತಿದ್ದವರು ಇಬ್ರೇ. ನೀನು ಮಾತು ಕೊಟ್ಟಿದ್ದೆ. ಇನ್ನು ಉಳಿದವನು ಯಾರು?"

ಅವಳ ನಾಲಿಗೆಯ ತುದಿಯವರೆಗೂ ಮಾತು ಬಂತು. ಅವನು ಅವಳನ್ನು ಅಷ್ಟು ನಂಬಿಕೆಯಿಂದ ನೋಡುತ್ತಿದ್ದ. ಮಾತು ಹಿಂದಕ್ಕೆ ಹೋಯಿತು. ಅತ್ತೆ ಒಲೆಯ ಮುಂದೆ ನಿಂತಿದ್ದವಳು ತಿರುಗಿ ಅವಳನ್ನೊಮ್ಮೆ ನೋಡಿ, ಮತ್ತೆ ಪಾತ್ರೆಯ ಕಡೆ ತಿರುಗಿದಳು.

ಸರದಿ ಮುಗಿಸಿ ಮೇಸ್ತ್ರಿ ನೇರ ಮನೆಗೆ ಬಂದ. ಮಾಮ ಬಾಗಿಲು ತೆಗೆಯಬೇಡಿ ಎಂದು ಒಳಗಿನಿಂದ ಕಿರುಚಿದ. ಅವಳು ಕೆಲಸದಿಂದ ಮರಳುವಾಗ ಮೇಸ್ತ್ರಿ ಇನ್ನೂ ಮೆಟ್ಟಿಲ ಮೇಲೆ, ಮೊಣಕಾಲಿನ ಮೇಲೆ ಹಣ್ಣಿನ ಚೀಲ ಇಟ್ಟುಕೊಂಡು ಕೂತಿದ್ದ. ಭಾರೀ ಆಳು, ಮೆಟ್ಟಿಲು ಅರ್ಧ ಅವನೇ.

"ಮೇಸ್ತ್ರಿಗಳೇ, ನಿಮ್ಮದಲ್ಲದ ತಪ್ಪು ನಿಮ್ಮ ಮೇಲೆ ಬಂದಿದೆ," ಎಂದಳು ಅವಳು.

"ಗೊತ್ತು ತಾಯಿ. ಗಾಳಿ ಇತ್ತು ಅಂತ ನಾನು ಸುಳ್ಳು ಹೇಳಿದಾಗ ನೀನು ಸುಮ್ಮನಾಗ್ಬಿಟ್ಯಲ್ಲ, ಆಗ್ಲೇ ಗೊತ್ತಾಯ್ತು." ಅವನು ಹಣ್ಣಿನ ಚೀಲವನ್ನು ಅವಳ ಕೈಗೆ ಕೊಟ್ಟ. "ನಾನು ಹೇಳ್ಬೇಕಾಗಿದ್ದನ್ನ ನೀನು ಹೇಳ್ದೆ. ನನಗೆ ಧೈರ್ಯ ಬರಲಿಲ್ಲ. ಇರ್ಲಿ ಬಿಡು, ಅವನು ನಂಗೆ ಬೈದುಕೊಂಡು ಇರ್ಲಿ. ನನ್ನ ಮೇಲಿನ ಸಿಟ್ಟಲ್ಲಾದ್ರೂ ನಾಲ್ಕು ತುತ್ತು ತಿಂತಾನೆ. ನೀನು ಅಂತ ಗೊತ್ತಾದ್ರೆ ಅವನಿಗೆ ತಿನ್ನೋಕೆ ಏನೂ ಉಳಿಯಲ್ಲ."

"ಎಷ್ಟು ದಿನ ಅಂತ?"

"ಆಗೋವರೆಗೂ." ಎದ್ದು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಹೋದ.

ಆ ಏರ್ಪಾಡಿಗೆ ಅವಳು ಒಪ್ಪಿಕೊಂಡಳು. ಒಪ್ಪಿಕೊಳ್ಳುವುದು ಸುಲಭವಾಗಿತ್ತು, ಅದೇ ಅವಳನ್ನು ಆಮೇಲೆ ಹೆಚ್ಚು ಸುಟ್ಟದ್ದು. ಸಂಜೆ ಮನೆಗೆ ಬಂದು ಮಾಮನಿಗೆ ಅವಳೇ ಉಣಿಸುತ್ತಿದ್ದಳು. ಅತ್ತೆ ಕೊಟ್ಟರೆ ಸಾಕು ಸಾಕು ಎನ್ನುವವನು ಅವಳ ಕೈಯಿಂದಾದರೆ ಬಟ್ಟಲು ಖಾಲಿ ಮಾಡುತ್ತಿದ್ದ. ಅಂಗಿಯ ಗುಂಡಿ ಹಾಕಿಸಿಕೊಳ್ಳುವಾಗ, "ಸರಕು ಭದ್ರವಾಗಿ ಕಟ್ಟಮ್ಮ" ಎಂದು ತಮಾಷೆ ಮಾಡುತ್ತಿದ್ದ. ಆ ಒಂದೂವರೆ ವರ್ಷ ಅವರಿಬ್ಬರ ಮಟ್ಟಿಗೆ ಸುಖದ ಕಾಲವೆಂದೇ ಹೇಳಬೇಕು. ಕದ್ದು ತಿಂದ ಸುಖ.

ಕೆಲಸದ ಕಡೆಯೂ ಗಾಳಿ ಬದಲಾಗಿತ್ತು. ಗೆರೆಯನ್ನು ಸೋಸದೆ ನೋಡಬೇಕು, ಕೈ ಅದುರಿದರೆ ಪರದೆ ತಾನೇ ಕೂಗಬೇಕು ಎಂದು ಕಂಪನಿ ಎಲ್ಲ ರಿಗ್ಗುಗಳಿಗೂ ಹೊಸ ನಿಯಮ ಮಾಡಿತು. ಯಾರ ಹೆಸರೂ ಹೊರಬರಲಿಲ್ಲ. ಆದರೂ ಲೈನಿನಲ್ಲಿ ನಗೆಮಾತು ನಿಂತುಹೋಯಿತು. ದಡದಕ್ಕ, ಊಟ ಆಯ್ತಾ ಎಂದು ಕೇಳುತ್ತಿದ್ದವರು ಈಗ ಅಂಕಿ ಕೇಳಿ ಇಟ್ಟುಬಿಡುತ್ತಿದ್ದರು. ನೋಡುವ ಕಣ್ಣಿನ ಮುಂದೆ ಯಾರು ತಾನೇ ಸಲೀಸಾಗಿ ಇರುತ್ತಾರೆ? ಅವಳು ಅವರನ್ನು ತಪ್ಪು ತಿಳಿಯಲಿಲ್ಲ.

ಹೀಗಿರುವಾಗ ಮೇಸ್ತ್ರಿ ನಿವೃತ್ತನಾದ. ಆದ ಹೊಸತರಲ್ಲೇ ಎದೆನೋವು ಬಂದು ಆಸ್ಪತ್ರೆ ಸೇರಿದ. ಆಪರೇಷನ್ ಮಾಡಬೇಕಂತೆ, ಕಷ್ಟವಂತೆ ಎಂದು ಅತ್ತೆಗೆ ಯಾರೋ ಫೋನಿನಲ್ಲಿ ಹೇಳಿದರು. ಅತ್ತೆ ಬಂದು ಹೇಳಿದಾಗ ಅವಳು ಮಾಮನಿಗೆ ಗಂಜಿ ಕುಡಿಸುತ್ತಿದ್ದಳು.

ಮಾಮ ಬಾಯಿ ಒರೆಸಿಕೊಂಡ. "ಸಾಯ್ಲಿ," ಎಂದ.

ಅವಳ ಕೈಯ ಚಮಚ ನಿಂತಿತು. ಅವನು ಯಾರಿಗೂ ಅಂಥ ಮಾತು ಆಡಿದವನಲ್ಲ. ಕುಡಿದು ಜಗಳ ತೆಗೆದ ನೆರೆಯವನಿಗೂ ಆಡಿರಲಿಲ್ಲ.

"ಮಾಮ, ಮೇಸ್ತ್ರಿ ಹೇಳಿದ್ದಲ್ಲ. ನಾನು ಹೇಳಿದ್ದು."

ಅವನಿಗೆ ಅರ್ಥವಾಗಲಿಲ್ಲವೇನೋ ಎಂದು ಮತ್ತೆ ಹೇಳಿದಳು. ಗೆರೆ, ಗಾಳಿಯಿಲ್ಲದ್ದು, ಬುಟ್ಟಿ, ಜಾರಿದ ಕಾಲು, ಎದ್ದು ಹಿಂದಿನ ಮೇಜಿಗೆ ಹೋದದ್ದು ಎಲ್ಲವನ್ನೂ ಹೇಳಿದಳು. ಮೇಸ್ತ್ರಿ ಮೆಟ್ಟಿಲ ಮೇಲೆ ಆಡಿದ ಮಾತನ್ನೂ ಬಿಡಲಿಲ್ಲ. ಅವನು ಕೇಳುತ್ತ ಕೇಳುತ್ತ ತನ್ನ ಬಲಗೈಯನ್ನೇ ನೋಡುತ್ತಿದ್ದ. ಅದು ತೊಡೆಯ ಮೇಲೆ ತನ್ನ ಪಾಡಿಗೆ ತಾನು ಅಲುಗುತ್ತಿತ್ತು.

"ಆ ಬುಟ್ಟೀಲಿ ಜನ ಇದ್ರು ಮಾಮ," ಎಂದಳು ಕೊನೆಗೆ, ಅಳುತ್ತ.

"ಇದ್ರು," ಎಂದ ಅವನು. "ನಾನು ಇಳಿಸ್ದೆ."

ಸ್ವಲ್ಪ ಹೊತ್ತಿನ ಮೇಲೆ, "ನನ್ನ ಕೇಳ್ಬಹುದಾಗಿತ್ತು. ನಿಲ್ಲಿಸು ಅಂತ ನೀನು ಒಂದು ಮಾತು ಅಂದಿದ್ರೆ ನಿಲ್ಲಿಸ್ತಿದ್ದೆ," ಎಂದ. ಆಮೇಲೆ ಅತ್ತೆಯ ಕಡೆ ಮುಖ ಮಾಡಿ, "ಆಸ್ಪತ್ರೆಗೆ ಫೋನ್ ಹಚ್ಚು. ಅವನ ಹತ್ರ ಮಾತಾಡ್ಬೇಕು" ಎಂದ.

ಮೇಸ್ತ್ರಿ ಬದುಕಿ ಉಳಿದ. ಎದ್ದು ಓಡಾಡುವಂತಾದ ಮೇಲೆ ದಿನವೂ ಬರತೊಡಗಿದ. ಮಾಮನಿಗೆ ಗಡ್ಡ ಹೆರೆಯುವುದು, ತಲೆ ಬಾಚುವುದು, ಬೆನ್ನಿಗೆ ದಿಂಬು ಕೊಡುವುದು ಎಲ್ಲ ಅವನದೇ. ಇಬ್ಬರೂ ಮುದುಕರು ರಿಗ್ಗಿನ ಹಳೆಯ ಕಥೆ ತೆಗೆದು ಕೆಮ್ಮು ಬರುವಷ್ಟು ನಗುತ್ತಿದ್ದರು. ಅವಳಿಗೆ ಮೆಟ್ಟಿಲ ಹತ್ತಿರವೇ ಆ ನಗು ಕೇಳಿಸುತ್ತಿತ್ತು. ಅವಳು ಒಳಗೆ ಕಾಲಿಟ್ಟ ಕೂಡಲೇ ಮಾಮ ಸುಮ್ಮನಾಗುತ್ತಿದ್ದ. ಕೋಪ ಮಾಡಲಿಲ್ಲ, ಬಯ್ಯಲಿಲ್ಲ. ಬೈದಿದ್ದರೆ ಅವಳು ಹೇಗೋ ತಾಳಿಕೊಳ್ಳುತ್ತಿದ್ದಳು. ಅವಳು ಬಟ್ಟಲು ಹಿಡಿದು ಕೂತರೆ, "ನಿಮ್ಮತ್ತೆ ಎಲ್ಲಿ?" ಎನ್ನುತ್ತಿದ್ದ. ಅವಳೊಡನೆ ಅವನು ಆಡುತ್ತಿದ್ದುದು ಹೆಚ್ಚುಕಡಿಮೆ ಅಷ್ಟೇ. ಪುಟ್ಟಿ ಎಂದು ಮತ್ತೆ ಕರೆಯಲಿಲ್ಲ.

ಬೇರೆ ಮನೆ ಮಾಡಲೇ ಎಂದು ಅತ್ತೆಯನ್ನು ಕೇಳಿದಳು. ಅತ್ತೆ, "ಹೋದ್ರೆ ಅವರು ಗೆದ್ದ ಹಾಗಾಗತ್ತೆ. ಸುಮ್ನೆ ಇರು," ಎಂದಳು. ಯಾರು ಏನನ್ನು ಗೆಲ್ಲುತ್ತಿದ್ದರೋ ಅವಳಿಗೆ ತಿಳಿಯಲಿಲ್ಲ. ಇದ್ದಳು. ಮಾಮನ ಬಟ್ಟೆ ಒಗೆದಳು, ಮಾತ್ರೆ ತಂದಳು, ಅವನು ನಿದ್ದೆ ಹೋದ ಮೇಲೆ ಹೊದಿಕೆ ಸರಿಮಾಡಿದಳು.

ಒಮ್ಮೆ ಮಾತ್ರ ಒಂದು ಘಟನೆ ನಡೆಯಿತು. ರಜೆಯ ದಿನ, ಮಧ್ಯಾಹ್ನ. ಅತ್ತೆ ಅಂಗಡಿಗೆ ಹೋಗಿದ್ದಳು. ಅವಳು ನೆಲದ ಮೇಲೆ ಕೂತು ತನ್ನ ಉಗುರು ಕತ್ತರಿಸಿಕೊಳ್ಳುತ್ತಿದ್ದಳು. ಮಾಮ ಕುರ್ಚಿಯಿಂದ ನೋಡುತ್ತಿದ್ದು, ಆಮೇಲೆ ತನ್ನ ಬಲಗೈಯನ್ನು ಅವಳತ್ತ ಚಾಚಿದ. ಅವಳು ಹತ್ತಿರ ಸರಿದು ಆ ಕೈಯನ್ನು ತನ್ನ ಮೊಣಕಾಲಿನ ಮೇಲೆ ಒತ್ತಿ ಹಿಡಿದಳು. ಹಿಡಿದಷ್ಟೂ ಅದು ಹಕ್ಕಿಯಂತೆ ಮಿಡುಕುತ್ತಿತ್ತು. ಅದು ನಿಂತ ಕ್ಷಣ ನೋಡಿ ನೋಡಿ ಒಂದೊಂದೇ ಉಗುರು ಕತ್ತರಿಸಿದಳು. ಬಹಳ ಹೊತ್ತು ಹಿಡಿಯಿತು. ಮುಗಿದ ಮೇಲೆ ಅವನು ಕೈ ತೆಗೆದುಕೊಂಡು, ಬೆರಳುಗಳನ್ನು ನೋಡಿ, ಕಣ್ಣು ಮುಚ್ಚಿಕೊಂಡ. ಅದಕ್ಕೆ ಏನರ್ಥವೆಂದು ಅವಳು ಎಷ್ಟೋ ದಿನ ಯೋಚಿಸಿದಳು. ಉಗುರು ಬೆಳೆದಿತ್ತು, ಕತ್ತರಿಸಬೇಕಿತ್ತು ಎಂಬುದಷ್ಟೇ ಅರ್ಥವಿರಲೂಬಹುದು.

ಮಾಮ ಹೋದದ್ದು ಮಳೆಗಾಲ ಮುಗಿಯುವ ಹೊತ್ತಿಗೆ, ಬೆಳಗಿನ ಹೊತ್ತು. ಕೊನೆಕೊನೆಗೆ ನುಂಗುವುದು ಕಷ್ಟವಾಗಿ, ಎದೆಯಲ್ಲಿ ಕಫ ಕಟ್ಟಿತ್ತು. ಅವಳು ಕೆಲಸದಲ್ಲಿದ್ದಳು. ಅತ್ತೆಯ ಫೋನು ಬಂದಾಗ ಪರದೆಯ ಮೇಲೆ ಒಂದು ಪಂಪು ನಿಲ್ಲುವ ಹಂತದಲ್ಲಿತ್ತು. ಅದನ್ನು ಸರಿಯಾಗಿ ನಿಲ್ಲಿಸಿ, ಪಕ್ಕದವನಿಗೆ ಒಪ್ಪಿಸಿಯೇ ಎದ್ದಳು. ಹಾಗೆ ಮಾಡಿದ್ದಕ್ಕೂ ಆಮೇಲೆ ತನ್ನನ್ನು ತಾನೇ ಹಳಿದುಕೊಂಡಳು.

ಸ್ಮಶಾನದಿಂದ ಎಲ್ಲರೂ ಚದುರಿದ ಮೇಲೆ ಮೇಸ್ತ್ರಿ ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕೂತಿದ್ದ. ಅವಳೂ ಪಕ್ಕದಲ್ಲಿ ಕೂತಳು.

"ನನ್ನ ವಿಷಯ ಏನಾದ್ರೂ ಹೇಳಿದ್ರಾ ನಿಮ್ಮ ಹತ್ರ?"

ಸುಳ್ಳು ಹೇಳಲು ಮೇಸ್ತ್ರಿಗೆ ಬರುತ್ತಿತ್ತು. ಹಿಂದೆ ಗಾಳಿಯ ವಿಷಯದಲ್ಲಿ ಹೇಳಿದವನೇ. ಅವಳಿಗೂ ಆ ಹೊತ್ತು ಸುಳ್ಳಾದರೂ ಸಾಕಿತ್ತು.

"ಇಲ್ಲ ತಾಯಿ," ಎಂದ. "ನಾನು ಎತ್ತಿದ್ರೆ ಬೇರೆ ಮಾತು ತೆಗೀತಿದ್ದ. ಎಷ್ಟೋ ಸಲ ಎತ್ತಿದೆ. ಕೊನೇ ವಾರಾನೂ ಎತ್ತಿದೆ." ಅವನು ಎರಡೂ ಕೈಯಿಂದ ಮುಖ ಉಜ್ಜಿಕೊಂಡ. "ಆ ಕಾಲು ಜಾರಿದವನಿದ್ದಾನಲ್ಲ, ಅವನು ಈಗಲೂ ರಿಗ್ಗಿಗೆ ಹೋಗಿ ಬರ್ತಿದ್ದಾನೆ. ಎರಡನೇ ಮಗು ಆಯ್ತಂತೆ ಅವನಿಗೆ. ಅದನ್ನೂ ಹೇಳ್ದೆ ಇವನಿಗೆ. ಕೇಳಿಸ್ಕೊಂಡ. ಒಳ್ಳೇದಾಯ್ತು ಅಂದ. ಅಷ್ಟೇ."

ಅವಳು ತಲೆಯಾಡಿಸಿದಳು. ಅವನನ್ನು ಆಟೋ ಹತ್ತಿಸಿ, ತಾನು ನಡೆದೇ ಮನೆಗೆ ಹೋದಳು.

ಅತ್ತೆ ಮನೆಯೆಲ್ಲ ಗುಡಿಸಿ, ಕುರ್ಚಿಯನ್ನು ಗೋಡೆಗೆ ಸರಿಸಿ, ಮೇಜಿನ ಮೇಲೆ ಎರಡು ತಟ್ಟೆ ಇಟ್ಟುಕೊಂಡು ಕಾಯುತ್ತಿದ್ದಳು. ಅವಳಿಗೆ ಹಸಿವಿರಲಿಲ್ಲ. ಅತ್ತೆ ಬಲವಂತ ಮಾಡಿ ಕೂರಿಸಿದಳು.

"ನೀನು ಮಾಡಿದ್ದು ಸರಿ ಅಂತ ನಂಗೆ ಮೊದಲ ದಿನಾನೇ ಗೊತ್ತಿತ್ತು," ಎಂದಳು ಅತ್ತೆ ಬಡಿಸುತ್ತ. "ಅವರ ಮುಂದೆ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ. ಸರಿ ಅಂತ ಗೊತ್ತಿದ್ರೂ, ಅವರು ಆ ಕುರ್ಚೀಲಿ ಕೂತಿರೋದು ನೋಡ್ದಾಗೆಲ್ಲ ನಿನ್ನ ಮೇಲೆ ಹೊಟ್ಟೆ ಉರೀತಿತ್ತು. ಈಗಲೂ ಒಂದೊಂದ್ಸಲ ಉರಿಯತ್ತೆ. ಏನ್ ಮಾಡ್ಲಿ?"

"ಏನೂ ಮಾಡ್ಬೇಡ ಅತ್ತೆ," ಎಂದಳು ಅವಳು.

ಇಬ್ಬರೂ ಉಂಡರು. ಅತ್ತೆ ಅವಳ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು.